ಸಂತೋಷ್ ಟ್ರೋಫಿ ಫೈನಲ್ ಬೆಂಗಳೂರಿಗೆ ಬರಲಿ: ಕ್ರೀಡಾ ಸಚಿವರಿಗೆ ಪಿ.ಟಿ. ಮೇಷ್ಟ್ರ ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಹಲಸೂರಿನ ಆಸುಪಾಸಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಸರ್. ಇಪ್ಪತ್ತೆರಡು ವರ್ಷದಿಂದ ಸೀಟಿ ಊದಿಕೊಂಡು ಬಂದಿದ್ದೇನೆ. ತಮ್ಮಲ್ಲಿ ನನ್ನ ಕೋರಿಕೆ ಒಂದೇ. ಸಂತೋಷ್ ಟ್ರೋಫಿಯ ಫೈನಲ್ ಪಂದ್ಯವನ್ನು ಬೆಂಗಳೂರಿಗೆ ತರಿಸಿ. ರಾಜ್ಯ ರಾಜ್ಯಗಳ ನಡುವಿನ ಈ ರಾಷ್ಟ್ರೀಯ ಫುಟ್‌ಬಾಲ್ ಕಪ್ಪಿನ ಕೊನೆಯ ಪಂದ್ಯವನ್ನು ನಮ್ಮ ಮಕ್ಕಳು ಒಮ್ಮೆಯಾದರೂ ಕಣ್ಣಾರೆ ನೋಡಲಿ.

ಯಾಕೆ ಕೇಳುತ್ತಿದ್ದೇನೆ ಅಂದರೆ, 2023ರ ಮಾರ್ಚ್ 4ರ ರಾತ್ರಿ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಶನಿವಾರ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮತ್ತು ಮೇಘಾಲಯ ಫೈನಲ್ ಆಡುತ್ತಿದ್ದವು. ನಮ್ಮ ಶಾಲಾ ತಂಡದ ಏಳು ಹುಡುಗರು ನಮ್ಮನೆ ಜಗಲಿಗೆ ಬಂದಿದ್ದರು. ನನ್ನ ಮೊಬೈಲನ್ನು ನೀರಿನ ಕೊಡಕ್ಕೆ ಒರಗಿಸಿಟ್ಟು, ಒಬ್ಬರ ಹೆಗಲ ಮೇಲೆ ಒಬ್ಬರು ಗಲ್ಲ ಊರಿಕೊಂಡು ನೋಡುತ್ತಿದ್ದೆವು. ಆಟ ಶುರುವಾಗಿ ಮೂರು ನಿಮಿಷ ತುಂಬುವ ಮೊದಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಹಿಂದೆಯೇ ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿತು. ಬೆಕಿ ಓರಾಂ ಮತ್ತೆ ಮುನ್ನಡೆ ಕೊಟ್ಟರು. ವಿರಾಮಕ್ಕೆ ಸ್ವಲ್ಪ ಮೊದಲು ನಮಗೊಂದು ಫ್ರೀ ಕಿಕ್ ಸಿಕ್ಕಿತು. ರಾಬಿನ್ ಯಾದವ್ ಚೆಂಡನ್ನು ನೆಲಕ್ಕಿಟ್ಟು ಹಿಂದೆ ಹಿಂದೆ ಸರಿದರು. ಅಷ್ಟರಲ್ಲಿ ನಮ್ಮ ಮೊಬೈಲಿನ ಚಿತ್ರ ನಿಂತುಹೋಯಿತು. ಪರದೆ ಮೇಲೆ ಉರುಟುಗುಂಡು ಸುತ್ತುತ್ತಿರುವಾಗಲೇ ಪಕ್ಕದ ಬೀದಿಯಿಂದ ಹೋ ಎಂದು ಕೂಗು ಕೇಳಿತು. ಅವರ ಫೋನು ನಮ್ಮದಕ್ಕಿಂತ ಕೆಲವು ಸೆಕೆಂಡು ಮುಂದಿತ್ತು. ಗೋಲು ಆಯಿತೆಂದು ಹುಡುಗರಿಗೆ ಗೊತ್ತಾದದ್ದು ಕಿವಿಯಿಂದ. ಕುಣಿದು ಮುಗಿಸಿ ಅವರು ಮತ್ತೆ ಕೂತ ಮೇಲೆ ಆ ಗೋಲು ನಮ್ಮ ಪರದೆಗೆ ಬಂತು.

ಎರಡನೇ ಅರ್ಧದಲ್ಲಿ ಮೇಘಾಲಯ ಇನ್ನೊಂದು ಹೊಡೆದು 3-2 ಮಾಡಿದಾಗ ಇನ್ನೂ ಅರ್ಧ ಗಂಟೆ ಆಟ ಬಾಕಿ ಇತ್ತು. ಆ ಅರ್ಧ ಗಂಟೆ ನಮ್ಮ ಹುಡುಗರು ನೀರು ಕುಡಿಯಲೂ ಏಳಲಿಲ್ಲ. ಕೊನೆಯ ಸೀಟಿ ಆದಾಗ ಕರ್ನಾಟಕ ಗೆದ್ದಿತ್ತು, ಐವತ್ತನಾಲ್ಕು ವರ್ಷದ ನಂತರ.

ಆ ದಿನ ಅರವತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಆ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಕ್ಯಾಮೆರಾ ತಿರುಗಿದ ಕಡೆಯೆಲ್ಲ ಖಾಲಿ ಕುರ್ಚಿಗಳೇ ಹೆಚ್ಚು. ಸಂತೋಷ್ ಟ್ರೋಫಿಯ ಸೆಮಿಫೈನಲ್, ಫೈನಲ್ ವಿದೇಶದಲ್ಲಿ ನಡೆದದ್ದು ಅದೇ ಮೊದಲು. ಆಟಗಾರರಿಗೆ ದೊಡ್ಡ ಮೈದಾನ ಸಿಕ್ಕಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಐವತ್ತನಾಲ್ಕು ವರ್ಷ ಕಾದ ಊರಿಗೆ ಅದನ್ನು ನೋಡುವ ಭಾಗ್ಯ ಸಿಗಲಿಲ್ಲ ಎನ್ನುವ ನೋವು ನನಗೆ ಇವತ್ತಿಗೂ ಇದೆ.

ಹಿಂದಿನ ಗೆಲುವು ಬಂದದ್ದು 1968-69ರಲ್ಲಿ, ಇದೇ ಬೆಂಗಳೂರಿನಲ್ಲಿ, ಬಂಗಾಳದ ಎದುರು 1-0. ಅದರ ಹಿಂದಿನ ವರ್ಷ ಕಟಕ್‌ನಲ್ಲೂ ನಾವೇ ಗೆದ್ದಿದ್ದೆವು. ಅದಕ್ಕೂ ಮೊದಲು 1946-47 ಮತ್ತು 1952-53. ಆ ನಾಲ್ಕೂ ಸಲ ತಂಡದ ಹೆಸರು ಮೈಸೂರು, ಎದುರಾಳಿ ಬಂಗಾಳ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾದ ಮೇಲೆ 1975-76ರಲ್ಲಿ ಒಮ್ಮೆ ಫೈನಲ್ ತಲುಪಿ ಕಲ್ಲಿಕೋಟೆಯಲ್ಲಿ ಸೋತೆವು. ಹಾಗಾಗಿ ಕರ್ನಾಟಕ ಎಂಬ ಹೆಸರು ಆ ಕಪ್ಪಿನ ಮೇಲೆ ಮೊದಲ ಬಾರಿ ಏರಿದ್ದು ರಿಯಾದ್‌ನಲ್ಲಿ. ಇದನ್ನು ನಮ್ಮ ಶಾಲೆಯ ರಾಜ್ಯೋತ್ಸವ ಭಾಷಣದಲ್ಲಿ ನಾನು ಪ್ರತಿ ವರ್ಷ ಹೇಳುತ್ತೇನೆ, ಹೇಳುವಾಗ ಗಂಟಲು ಕಟ್ಟುತ್ತದೆ.

1968-69ರ ಆ ಫೈನಲನ್ನು ನಮ್ಮಪ್ಪ ಕಣ್ಣಾರೆ ನೋಡಿದ್ದರು. ಮೈಸೂರಿನವರ ಗೋಲು ಆದ ಕ್ಷಣ ಜನ ಕೈಯಲ್ಲಿದ್ದದ್ದನ್ನೆಲ್ಲ ಮೇಲಕ್ಕೆ ಎಸೆದರಂತೆ. ಯಾರದೋ ಒಂದು ಬೂದು ಬಣ್ಣದ ಉಲ್ಲನ್ ಟೋಪಿ ಬಂದು ಇವರ ಮಡಿಲಿಗೆ ಬಿತ್ತಂತೆ. ಆಟ ಮುಗಿದ ಮೇಲೆ ಅದನ್ನು ಕೈಯೆತ್ತಿ ಹಿಡಿದುಕೊಂಡು ಗೇಟಿನ ಹತ್ತಿರ ಎಷ್ಟೋ ಹೊತ್ತು ನಿಂತರೂ ಯಾರೂ ಕೇಳಿಕೊಂಡು ಬರಲಿಲ್ಲ. ಆ ಟೋಪಿ ನಮ್ಮನೆ ಮೊಳೆಗೆ ನೇತುಬಿದ್ದಿರುವುದನ್ನು ನೋಡುತ್ತಲೇ ನಾನು ಬೆಳೆದೆ. ನಾನು ಫುಟ್‌ಬಾಲ್ ಕಲಿಸುವವನಾದದ್ದು ಆ ಟೋಪಿಯಿಂದ ಎಂದರೆ ತಾವು ನಂಬಬೇಕು. ಒಂದು ಫೈನಲ್ ಒಬ್ಬ ಪ್ರೇಕ್ಷಕನ ಮನೆಯೊಳಗೆ ಎಷ್ಟು ವರ್ಷ ಉಳಿಯುತ್ತದೆ ಎನ್ನುವುದಕ್ಕೆ ಇದನ್ನು ಹೇಳಿದೆ.

ಈ ಊರಿಗೂ ಈ ಆಟಕ್ಕೂ ಇರುವ ನಂಟು ತಮಗೆ ಗೊತ್ತಿಲ್ಲದ್ದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದಲ್ಲಿ ಬರಿಗಾಲಲ್ಲಿ ಆಡಿದ ಅಹ್ಮದ್ ಖಾನ್, ಇಬ್ಬರೂ ಈ ಮಣ್ಣಿನಲ್ಲೇ ಆಟ ಕಲಿತವರು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಅದಕ್ಕೆ ಹಾರ ಹಾಕುವವರು ನಮ್ಮ ಮಕ್ಕಳ ಅಪ್ಪಂದಿರು, ಮಾವಂದಿರು. ಸಂತೋಷ್ ಟ್ರೋಫಿಯಲ್ಲಿ ಮೂರನೇ ಸ್ಥಾನಕ್ಕೆಂದು ಇಟ್ಟ ಕಪ್ಪಿನ ಹೆಸರು ಸಂಪಂಗಿ ಕಪ್. ಸಂಪಂಗಿ ಎಂಬ ನಮ್ಮ ಆಟಗಾರನ ನೆನಪಿಗೆ ಅಂದಿನ ಮೈಸೂರು ಫುಟ್‌ಬಾಲ್ ಸಂಸ್ಥೆ ಕೊಟ್ಟದ್ದು. ಹಾಗೆ ನೋಡಿದರೆ ತಮ್ಮ ಇಲಾಖೆಯ ಕಂಠೀರವ ಕ್ರೀಡಾಂಗಣ ಎದ್ದಿರುವುದೂ ಹಳೆಯ ಸಂಪಂಗಿ ಕೆರೆಯ ಅಂಗಳದಲ್ಲೇ. ಹೆಸರು ಕೂಡಿಬಂದದ್ದು ಕಾಕತಾಳೀಯ ಇರಬಹುದು. ಆದರೂ ಆ ಕಪ್ಪು ಒಮ್ಮೆ ಆ ಅಂಗಳಕ್ಕೆ ಬರಲಿ ಎಂದು ಮನಸ್ಸು ಬಯಸುತ್ತದೆ.

ರಿಯಾದ್ ತಂಡದ ಹೆಸರುಗಳನ್ನು ಓದಿ ಇವರೆಲ್ಲ ಕನ್ನಡಿಗರೇ ಎಂದು ಕೇಳಿದವರೂ ಇದ್ದಾರೆ. ಇಲ್ಲಿ ಆಡಿ, ನಮ್ಮ ಅಂಗಿ ತೊಟ್ಟು, ನಮ್ಮ ಹೆಸರಿಗೆ ಕಪ್ಪು ತಂದವರು ನಮ್ಮವರೇ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲೂ ತಮಿಳು, ತೆಲುಗು, ಉರ್ದು, ನೇಪಾಳಿ ಮನೆಗಳ ಹೆಸರುಗಳಿವೆ. ಮೈದಾನದಲ್ಲಿ ಅವರೆಲ್ಲ ಒಬ್ಬರನ್ನೊಬ್ಬರು ಕೂಗುವುದು ಕನ್ನಡದಲ್ಲಿ: "ಬಿಡೋ, ಈ ಕಡೆ ಕೊಡೋ!"

2009ರಿಂದೀಚೆಗೆ ಈ ಫೈನಲ್ ಚೆನ್ನೈ, ಕೊಚ್ಚಿ, ಸಿಲಿಗುರಿ, ನಾಗಪುರ, ಗೋವಾ, ಕೋಲ್ಕತ್ತಾ, ಲೂಧಿಯಾನ, ಮಂಜೇರಿ, ಅರುಣಾಚಲದ ಯುಪಿಯಾ, ಹೈದರಾಬಾದ್ ಎಲ್ಲ ಕಡೆ ಹೋಗಿ ಬಂತು. ನಮ್ಮೂರಿಗೆ ಬರಲಿಲ್ಲ.

ಮಂಜೇರಿಯ ಮಾತು ಬಂದದ್ದರಿಂದ ಅಲ್ಲಿ ಕಂಡದ್ದನ್ನು ಹೇಳಲೇಬೇಕು. 2022ರ ಏಪ್ರಿಲ್ 28ರಂದು ಅಲ್ಲಿ ಕೇರಳ ಮತ್ತು ಕರ್ನಾಟಕದ ಸೆಮಿಫೈನಲ್ ಇತ್ತು. ಬೇಸಿಗೆ ರಜೆ. ಇಬ್ಬರು ಹಳೇ ವಿದ್ಯಾರ್ಥಿಗಳನ್ನು ಜೊತೆ ಮಾಡಿಕೊಂಡು ಗೂಡಲೂರು ಘಾಟಿ ಇಳಿದು ಹೋಗಿದ್ದೆ. ರಮ್ಜಾನ್ ತಿಂಗಳು. ಉಪವಾಸ ಬಿಟ್ಟು, ನಮಾಜು ಮುಗಿಸಿ, ಮಕ್ಕಳುಮರಿ ಕಟ್ಟಿಕೊಂಡು ಜನ ಪಯ್ಯನಾಡ್ ಕ್ರೀಡಾಂಗಣಕ್ಕೆ ಬರುತ್ತಲೇ ಇದ್ದರು. ಮೊದಲ ಗೋಲು ನಮ್ಮದು. ನಾವು ಮೂವರು ಎದ್ದು ಕೂಗಿದಾಗ ಸುತ್ತ ಒಂದು ಗ್ಯಾಲರಿಯಷ್ಟು ಜನ ತಿರುಗಿ ನೋಡಿದರು. ಆಮೇಲೆ ಬದಲಿ ಆಟಗಾರನಾಗಿ ಇಳಿದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದ. 7-3ಕ್ಕೆ ಸೋತೆವು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಒಂದು ಮಾತೂ ಆಡದೆ ತಮ್ಮ ಪೊಟ್ಟಣದ ಕಡಲೆಕಾಯಿಯನ್ನು ನನ್ನ ಬೊಗಸೆಗೆ ಸುರಿದರು. ಆ ಊರು ದೊಡ್ಡ ನಗರವಲ್ಲ. ಆದರೂ ನಾಲ್ಕು ದಿನದ ನಂತರ ಬಂಗಾಳದ ಎದುರಿನ ಫೈನಲ್‌ಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಸೇರಿದರು, ಪೆನಾಲ್ಟಿಯಲ್ಲಿ ಕೇರಳ ಗೆದ್ದಿತು. ಅಲ್ಲಿನ ಒಂದೊಂದು ಮಗುವಿಗೂ ಆ ರಾತ್ರಿ ನೆನಪಿರುತ್ತದೆ. ಒಂದು ವರ್ಷದ ಒಳಗೆ ಅಲ್ಲಿ ಸೋತ ನಮ್ಮ ರಾಜ್ಯವೇ ಕಪ್ಪು ಗೆದ್ದಿತು, ಆದರೆ ನೆನಪಿಟ್ಟುಕೊಳ್ಳುವುದಕ್ಕೆ ನಮ್ಮ ಮಕ್ಕಳಿಗೆ ಸಿಕ್ಕಿದ್ದು ನಿಂತುನಿಂತು ಓಡುವ ಮೊಬೈಲು.

ಬೆಂಗಳೂರಿಗೆ ಫುಟ್‌ಬಾಲ್ ನೋಡುವ ಜನ ಇಲ್ಲ ಎಂದು ಯಾರಾದರೂ ತಮಗೆ ಹೇಳಿದರೆ, 2023ರ ಜುಲೈ 4ನ್ನು ನೆನಪಿಸಿ. ಕಂಠೀರವದಲ್ಲಿ ಸ್ಯಾಫ್, ಅಂದರೆ ದಕ್ಷಿಣ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಶಿಪ್ ಫೈನಲ್, ಭಾರತ ಮತ್ತು ಕುವೈತ್. ಪೆನಾಲ್ಟಿಯಲ್ಲಿ ಗುರುಪ್ರೀತ್ ಕೊನೆಯ ಚೆಂಡು ತಡೆದಾಗ ಕ್ರೀಡಾಂಗಣದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹತ್ತಿರ ಹತ್ತಿರ ಇಪ್ಪತ್ತಾರು ಸಾವಿರ ಜನ ಒಂದೇ ದನಿಯಲ್ಲಿ ವಂದೇ ಮಾತರಂ ಹಾಡಿದರು.

ಒಂದು ವಿಷಯವನ್ನು ಮುಚ್ಚಿಡುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜೀವಗಳು ಕಾಲ್ತುಳಿತಕ್ಕೆ ಹೋದವು. ಹೆಚ್ಚಿನವರು ಎಳೆಯರು. ಅಂದಿನಿಂದ ದೊಡ್ಡ ಪಂದ್ಯ ಎಂದರೆ ಅಧಿಕಾರಿಗಳಿಗೂ ಅಳುಕು, ಹೆತ್ತವರಿಗೂ ಅಳುಕು. ನನಗೂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವವನು ನಾನು, ಅವರನ್ನು ಎಣಿಸಿಕೊಂಡು ವಾಪಸ್ ತರಬೇಕಾದವನೂ ನಾನೇ. ಅದಕ್ಕೇ ಹೇಳುತ್ತಿದ್ದೇನೆ: ಬಾಗಿಲಲ್ಲಿ ಟಿಕೆಟ್ ಮಾರುವುದು ಬೇಡ, ಉಚಿತ ಪ್ರವೇಶದ ಘೋಷಣೆಯೂ ಬೇಡ. ಟಿಕೆಟ್ ಬೆಲೆ ಕಡಿಮೆ ಇರಲಿ, ಪ್ರತಿ ಸೀಟಿಗೂ ನಂಬರ್ ಇರಲಿ, ಎಲ್ಲವೂ ವಾರದ ಮೊದಲೇ ಕೈ ಸೇರಲಿ. ಒಂದು ಸ್ಟ್ಯಾಂಡನ್ನು ಸರ್ಕಾರಿ ಶಾಲೆಗಳಿಗೆ ಬಿಡಿ, ಶಿಕ್ಷಕರ ಹೆಸರಿಗೆ ಪಾಸು ಕೊಡಿ. ಗೇಟುಗಳು ಮೂರು ಗಂಟೆ ಮೊದಲೇ ತೆರೆಯಲಿ.

ಫೈನಲನ್ನು ಎಲ್ಲಿ ನಡೆಸಬೇಕೆಂದು ತೀರ್ಮಾನಿಸುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಗೊತ್ತು. ಆದರೆ ನಮ್ಮ ರಾಜ್ಯ ಸಂಸ್ಥೆ ಧೈರ್ಯವಾಗಿ ಕೈಯೆತ್ತಿ ಕೇಳಬೇಕಾದರೆ ಸರ್ಕಾರ ಬೆನ್ನಿಗಿರಬೇಕು. ಮೈದಾನ ತಮ್ಮ ಇಲಾಖೆಯದು, ಬಂದೋಬಸ್ತು ಸರ್ಕಾರದ್ದು, ತಂಡಗಳು ಉಳಿಯುವ ವ್ಯವಸ್ಥೆಗೂ ಸರ್ಕಾರದ ಕೈ ಬೇಕು. ಕಂಠೀರವದ ಟ್ರ್ಯಾಕ್ ಓಟಗಾರರಿಗೂ ಸೇರಿದ್ದು. ಅವರ ಕೋಚ್‌ಗಳನ್ನು ಮೊದಲೇ ಕರೆದು, ಅವರ ಕೂಟಗಳ ದಿನ ಬಿಟ್ಟು, ಎರಡು ವಾರ ಗೊತ್ತುಮಾಡಿ. ಗುಂಪು ಹಂತದ ಪಂದ್ಯಗಳಲ್ಲಿ ಕೆಲವನ್ನಾದರೂ ಬೆಳಗಾವಿಗೋ ಮಂಗಳೂರಿಗೋ ಕೊಟ್ಟರೆ ಅಲ್ಲಿನ ಜನ ತಲೆ ಮೇಲೆ ಹೊತ್ತು ನಡೆಸುತ್ತಾರೆ. ಕೆಜಿಎಫ್‌ನಿಂದ ಬೆಳಗಿನ ರೈಲು ಹತ್ತಿ ಬರುವವರಿಗೂ ಒಂದಿಷ್ಟು ಟಿಕೆಟ್ ಎತ್ತಿಡಿ. ಚಂದನ ವಾಹಿನಿಯಲ್ಲಿ ಕನ್ನಡದ ವೀಕ್ಷಕ ವಿವರಣೆಯೊಂದಿಗೆ ಫೈನಲ್ ನೇರ ಪ್ರಸಾರ ಆಗಲಿ.

ಹೆಣ್ಣುಮಕ್ಕಳ ರಾಷ್ಟ್ರೀಯ ಚಾಂಪಿಯನ್‌ಶಿಪ್, ರಾಜಮಾತಾ ಜೀಜಾಬಾಯಿ ಟ್ರೋಫಿ, ಅದನ್ನೂ ಕೇಳಿ ತನ್ನಿ. ನಮ್ಮ ಶಾಲೆಯಲ್ಲಿ ಈಗ ಹನ್ನೊಂದು ಹುಡುಗಿಯರಿಗೆ ಆರು ಜೊತೆ ಬೂಟು. ಅರ್ಧ ಆಟಕ್ಕೆ ಬಿಚ್ಚಿ ಇನ್ನೊಬ್ಬಳಿಗೆ ಕೊಡುತ್ತಾರೆ. ದೊಡ್ಡದಾದರೆ ಮುಂದೆ ಬಟ್ಟೆ ತುರುಕಿಕೊಳ್ಳುತ್ತಾರೆ. ಅವರು ಇಲ್ಲಿಯವರೆಗೆ ಒಂದೇ ಒಂದು ಹೆಣ್ಣುಮಕ್ಕಳ ಪಂದ್ಯವನ್ನೂ ಕ್ರೀಡಾಂಗಣದಲ್ಲಿ ಕೂತು ನೋಡಿಲ್ಲ.

ಆಟಗಾರರಿಗೆ ನೌಕರಿಯ ಮಾತು ದೊಡ್ಡದು, ಅದಕ್ಕೆ ಬೇರೆಯೇ ಪತ್ರ ಬರೆಯುತ್ತೇನೆ. 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಕೇರಳವನ್ನು 1-0ಯಿಂದ ಸೋಲಿಸಿದ ತನ್ನ ಹುಡುಗರಿಗೆ ಬಂಗಾಳ ಸರ್ಕಾರ ನೌಕರಿ ಘೋಷಿಸಿತು ಎನ್ನುವುದನ್ನು ಮಾತ್ರ ಇಲ್ಲಿ ನೆನಪಿಸುತ್ತೇನೆ.

ಅವತ್ತು ಜಗಲಿಯಲ್ಲಿ ಕೂತಿದ್ದ ಏಳು ಹುಡುಗರಲ್ಲಿ ಇಬ್ಬರು ಈಗ ಕ್ಲಬ್ಬಿಗೆ ಆಡುತ್ತಿದ್ದಾರೆ. ಒಬ್ಬ ಡೆಲಿವರಿ ಕೆಲಸಕ್ಕೆ ಸೇರಿದ್ದಾನೆ. ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬರುವುದನ್ನು ಬಿಟ್ಟಿಲ್ಲ. ಅವರ ಕಿರಿಯರು ಈಗ ಎಂಟನೇ ತರಗತಿಯಲ್ಲಿದ್ದಾರೆ. ದಿನಾಂಕ ಗೊತ್ತಾದರೆ ಸಾಕು, ಇವರನ್ನೆಲ್ಲ ಸಾಲಾಗಿ ಕರೆತರುವ ಹೊಣೆ ನನ್ನದು. ಬಸ್ಸು ಸಿಗದಿದ್ದರೆ ಹಲಸೂರಿನಿಂದ ಕಂಠೀರವದವರೆಗೆ ನಡೆದೇ ಬರುತ್ತೇವೆ. ಅಪ್ಪನ ಟೋಪಿಯನ್ನೂ ತರುತ್ತೇನೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯ ಒಬ್ಬ ದೈಹಿಕ ಶಿಕ್ಷಕ
ಬೆಂಗಳೂರು