ಜಾಕ್ ಇರೋದು ಎತ್ತೋಕೆ, ಹಿಡಿದು ನಿಲ್ಲಿಸೋಕೆ ಸ್ಟ್ಯಾಂಡೇ ಬೇಕು

ಸಂಪಾದಕರಿಗೆ ನಮಸ್ಕಾರ,

ಕಾರಿನ ಸಣ್ಣಪುಟ್ಟ ಕೆಲಸ ಮನೇಲೇ ಮಾಡ್ಕೊಳ್ಳೋದು ಹೇಗೆ ಅಂತ ಪತ್ರಿಕೆಗಳಲ್ಲಿ ಬರೋ ಬರಹಗಳನ್ನ ತಪ್ಪದೆ ಓದ್ತೀನಿ, ಮಾಹಿತಿ ಚೆನ್ನಾಗೇ ಇರುತ್ತೆ, ಆದ್ರೆ ಜೊತೆಗೆ ಹಾಕೋ ಫೋಟೋಗಳ ಬಗ್ಗೆ ಹೇಳ್ಲೇಬೇಕು ಅನ್ನಿಸಿ ಬರೀತಿದೀನಿ. ಕಾರಿನ ಮುಂಭಾಗ ಟ್ರಾಲಿ ಜಾಕ್ (ಹ್ಯಾಂಡಲ್ ಒತ್ತಿ ಕಾರು ಎತ್ತೋ, ಚಕ್ರ ಇರೋ ಜಾಕ್) ಮೇಲೆ ನಿಂತಿರುತ್ತೆ, ಅಡಿಯಿಂದ ಯಾರದೋ ಎರಡು ಕಾಲು ಆಚೆ ಚಾಚಿರುತ್ತೆ, ಬೇರೆ ಯಾವ ಆಸರೆನೂ ಕಾಣಲ್ಲ. ನೋಡಿದವರು ಇದೇ ಸರಿಯಾದ ಕ್ರಮ ಅಂದ್ಕೊಂಡು ತಾವೂ ಹಾಗೇ ಮಾಡ್ತಾರೆ. ದಯವಿಟ್ಟು ಇಂಥ ಫೋಟೋ ಹಾಕ್ಬೇಡಿ, ಬರಹದಲ್ಲಿ ಜಾಕ್ ಅನ್ನೋ ಪದ ಬಂದ ಕಡೆಯೆಲ್ಲ ಜಾಕ್ ಸ್ಟ್ಯಾಂಡ್, ಅಂದ್ರೆ ಎತ್ತಿದ ಕಾರನ್ನ ಹೊತ್ತು ನಿಲ್ಲೋ ಕಬ್ಬಿಣದ ಆಸರೆ, ಅನ್ನೋದೂ ಬರಲಿ.

ಯಾಕೆ ಅಂದ್ರೆ ಟ್ರಾಲಿ ಜಾಕ್ ಕಾರನ್ನ ಎತ್ತಿ ಹಿಡಿದಿರೋದು ಒಳಗಿರೋ ಆಯಿಲ್‌ನ ಒತ್ತಡದ ಮೇಲೆ. ಹ್ಯಾಂಡಲ್ ಒತ್ತಿದಾಗ ಸಣ್ಣ ಪಿಸ್ಟನ್ನು ಆಯಿಲ್‌ನ ದೊಡ್ಡ ಪಿಸ್ಟನ್ ಅಡಿಗೆ ತಳ್ಳುತ್ತೆ, ಅದು ತೋಳನ್ನ ಎತ್ತುತ್ತೆ, ವಾಪಸ್ ಬರದ ಹಾಗೆ ಆ ಆಯಿಲ್‌ನ ತಡೆದಿರೋದು ಒಂದೆರಡು ವಾಲ್ವು ಮತ್ತೆ ರಬ್ಬರ್ ಸೀಲು ಅಷ್ಟೇ. ಸೀಲ್ ಸವೆದಿದ್ರೆ, ವಾಲ್ವ್ ಹತ್ರ ಒಂದು ಚೂರು ಕಸ ಸಿಕ್ಕಿದ್ರೆ ಕಾರು ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ ಇಳಿಯುತ್ತೆ, ಕೆಲವು ಸಲ ನಿಧಾನ ಅನ್ನೋದೂ ಇರಲ್ಲ. ಜಾಕ್ ಸ್ಟ್ಯಾಂಡಲ್ಲಿ ಆಯಿಲ್ಲೂ ಇಲ್ಲ ಸೀಲೂ ಇಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಕೂತಿರುತ್ತೆ. ಅದಕ್ಕೇ ಜಾಕ್ ತಗೊಳ್ಳೋ ದಿನಾನೇ ಒಂದು ಜೊತೆ ಸ್ಟ್ಯಾಂಡೂ ತಗೊಳ್ಳಿ ಅಂತೀನಿ, ಎರಡಕ್ಕೂ ಸೇರಿ ದುಡ್ಡು ಸಾಲ್ದಿದ್ರೆ ಸಾಲೋವರೆಗೆ ಎರಡನ್ನೂ ತಗೋಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಟ್ರೆ ಆಗಲ್ವಾ ಅಂತ ಕೇಳೋರಿದಾರೆ. ಆಗಲ್ಲ, ಅವು ಯಾವ ಸೂಚನೆನೂ ಕೊಡದೆ ಪುಡಿ ಆಗ್ತವೆ.

ಇನ್ನು ಆರಿಸೋ ವಿಚಾರ. ಎಲ್ರೂ ಟನ್ ಎಷ್ಟು ಅಂತ ಮಾತ್ರ ಕೇಳ್ತಾರೆ. ಸಣ್ಣ ಕಾರು ಸುಮಾರು 1 ಟನ್ ತೂಗುತ್ತೆ, ಒಂದು ಮೂಲೆ ಎತ್ತೋವಾಗ ಅದರಲ್ಲೂ ಒಂದು ಪಾಲು ಮಾತ್ರ ಜಾಕ್ ಮೇಲೆ ಬೀಳೋದು, ಹಾಗಾಗಿ ಸಣ್ಣ ಕಾರಿಗೆ, ಸೆಡಾನ್‌ಗೆ 2 ಟನ್ನಿನದು ಸಾಕು, ದೊಡ್ಡ ಎಸ್‌ಯುವಿ ಇದ್ರೆ 3 ಟನ್ನಿನದು ನೋಡಿ. ಅದಕ್ಕಿಂತ ಮುಖ್ಯ ಜಾಕ್ ಎಷ್ಟು ತಗ್ಗಿಗೆ ಇಳಿಯುತ್ತೆ, ಎಷ್ಟು ಎತ್ತರಕ್ಕೆ ಹೋಗುತ್ತೆ ಅನ್ನೋದು. ಸಾಮಾನ್ಯ ಜಾಕ್‌ನ ತಲೆ ಪೂರ್ತಿ ಇಳಿಸಿದ್ರೂ 13-14 ಸೆಂ.ಮೀ ಎತ್ತರದಲ್ಲಿ ಇರುತ್ತೆ, ತಗ್ಗು ಕಾರುಗಳಿಗೆ ಅಂತ ಬರೋದು 8 ಸೆಂ.ಮೀ ಆಸುಪಾಸಿಗೆ ಇಳಿಯುತ್ತೆ. ಟೈರ್ ಪಂಚರ್ ಆದಾಗ ಕಾರು ಇನ್ನೂ ಕೆಳಗೆ ಕೂತಿರುತ್ತೆ, ಆಗ ಜಾಕ್ ಒಳಗೇ ಹೋಗಲ್ಲ, ಇದನ್ನ ಅಂಗಡೀಲಿ ಯಾರೂ ಯೋಚ್ನೆ ಮಾಡಲ್ಲ. ಎಸ್‌ಯುವಿದು ಉಲ್ಟಾ ಕಷ್ಟ, ಬಾಡಿ ಎತ್ತಿದ ಹಾಗೆ ಸಸ್ಪೆನ್ಷನ್ ಜೊತೆ ಚಕ್ರ ಕೆಳಗೇ ಜೋತಾಡ್ತಾ ಇರುತ್ತೆ, ಜಾಕ್ ಪೂರ್ತಿ ಏರಿದ್ರೂ ಟೈರ್ ನೆಲ ಬಿಡಲ್ಲ, ಆಗ ಜನ ಜಾಕ್ ತಲೆ ಮೇಲೆ ಮರದ ತುಂಡು ಒಂದರ ಮೇಲೊಂದು ಪೇರಿಸ್ತಾರೆ. ಅದನ್ನ ಮಾಡ್ಲೇಬೇಡಿ, ಎತ್ತರ ಸಾಲ್ದಿದ್ರೆ ಆ ಜಾಕ್ ಆ ಗಾಡಿದಲ್ಲ. ಅಲ್ಯೂಮಿನಿಯಂದು ಹಗುರ, ಉಕ್ಕಿಂದು 3 ಟನ್ನಿನದಾದ್ರೆ 30 ಕೆಜಿ ದಾಟೋದೂ ಉಂಟು, ಡಿಕ್ಕೀಲಿ ಹೊತ್ಕೊಂಡು ತಿರುಗೋರು ಇದನ್ನ ಗಮನಿಸಿ. ಆಟದ ಸಾಮಾನಿನ ಥರ ಸಣ್ಣಕ್ಕಿರೋ, ಚಕ್ರಗಳು ಹತ್ತಿರ ಹತ್ತಿರ ಇರೋ ಜಾಕ್‌ಗಳು ನಂಗೆ ಇಷ್ಟ ಇಲ್ಲ, ಅಗಲವಾಗಿ ಊರಿ ನಿಲ್ಲೋದೇ ಒಳ್ಳೇದು.

ಹ್ಯಾಂಡ್‌ಬ್ರೇಕ್ ಹಾಕಿದೀನಿ, ಗೇರಲ್ಲೂ ಇಟ್ಟಿದೀನಿ, ಇನ್ನೇನು ಭಯ ಅನ್ನೋದು ಬಹಳ ಜನರ ನಂಬಿಕೆ, ಇದೊಂದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ ಮಾತ್ರ. ಹಿಂಭಾಗವನ್ನೇ ಎತ್ತಿದ್ರೆ ಬ್ರೇಕ್ ಹಿಡಿದಿರೋ ಚಕ್ರ ಗಾಳೀಲಿರುತ್ತೆ, ಅದರಿಂದ ಏನು ಪ್ರಯೋಜನ? ಇನ್ನು ಗೇರು ಹಿಡಿಯೋದು ಇಂಜಿನ್ ಶಕ್ತಿ ಹೋಗೋ ಚಕ್ರಗಳನ್ನ, ಅಂದ್ರೆ ಎಷ್ಟೋ ಕಾರುಗಳಲ್ಲಿ ಮುಂದಿನವು, ಅದರಲ್ಲಿ ಒಂದನ್ನ ಎತ್ತಿದ್ರೆ ಸಾಕು, ನಡುವೆ ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರುಗಳ ಜೋಡಣೆ) ಇರೋದ್ರಿಂದ ಎತ್ತಿದ ಚಕ್ರ ಒಂದು ಕಡೆ ತಿರುಗ್ತಾ ನೆಲದ ಮೇಲಿರೋ ಚಕ್ರ ಇನ್ನೊಂದು ಕಡೆ ಉರುಳೋಕೆ ದಾರಿ ಆಗುತ್ತೆ. ಆಟೊಮ್ಯಾಟಿಕ್ ಗಾಡಿಯ ಪಾರ್ಕ್ ಕೂಡ ಇದೇ ಕಥೆ. ಅದಕ್ಕೇ ಬ್ರೇಕ್, ಗೇರ್ ಎರಡೂ ಹಾಕಿದ ಮೇಲೂ ನೆಲದ ಮೇಲೇ ಉಳಿಯೋ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿಯಾಗಿ ಅಡ್ಡ ಕೊಡ್ಲೇಬೇಕು.

ನೆಲ ಸಮ ಇರ್ಬೇಕು, ಗಟ್ಟಿ ಇರ್ಬೇಕು. ಜಾಕ್ ತೋಳು ನೇರ ಮೇಲಕ್ಕೆ ಹೋಗಲ್ಲ, ಕಮಾನಿನ ಹಾಗೆ ಬಾಗಿ ಏರುತ್ತೆ, ಅದಕ್ಕೆ ತಕ್ಕ ಹಾಗೆ ಜಾಕ್ ತಾನೇ ಚೂರು ಉರುಳ್ಬೇಕು, ಚಕ್ರ ಕೊಟ್ಟಿರೋದು ಎಳ್ಕೊಂಡು ಹೋಗೋಕೆ ಮಾತ್ರ ಅಲ್ಲ. ಮಣ್ಣಲ್ಲೋ ಜಲ್ಲಿಯಲ್ಲೋ ಆ ಸಣ್ಣ ಚಕ್ರ ಹೂತ್ಕೊಂಡ್ರೆ ಜಾಕ್ ಉರುಳಲ್ಲ, ಬದಲಿಗೆ ಅದರ ತಲೆ ಕಾರಿನ ಅಡಿಯಿಂದ ಜಾರುತ್ತೆ. ಜಾಕ್ ಎಲ್ಲಿ ಕೊಡ್ಬೇಕು, ಸ್ಟ್ಯಾಂಡ್ ಎಲ್ಲಿ ಇಡ್ಬೇಕು ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತೆ, ಅಲ್ಲೇ ಕೊಡಿ. ಇಂಜಿನ್ ಆಯಿಲ್ ತುಂಬಿರೋ ಸಂಪ್‌ಗೋ, ತೆಳು ತಗಡಿನ ಫ್ಲೋರ್‌ಗೋ, ಎಲೆಕ್ಟ್ರಿಕ್ ಕಾರಾದ್ರೆ ಬ್ಯಾಟರಿ ಪೆಟ್ಟಿಗೆಗೋ ಕೊಟ್ಟು ಎತ್ತಿದ್ರೆ ಒಂದು ಕೆಲಸಕ್ಕೆ ಹೋಗಿ ಹತ್ತು ಕೆಲಸ ಆಗುತ್ತೆ.

ಚಕ್ರ ಬಿಚ್ಚೋದಿದ್ರೆ ಟೈರ್ ನೆಲದಲ್ಲಿ ಇರೋವಾಗ್ಲೇ ನಟ್‌ಗಳನ್ನ ಸ್ವಲ್ಪ ಸಡಿಲ ಮಾಡ್ಕೊಳ್ಳಿ, ಎತ್ತಿದ ಮೇಲೆ ಸ್ಪ್ಯಾನರ್ ಹಾಕಿ ಜಗ್ಗಾಡಿದ್ರೆ ಕಾರೇ ಅಲ್ಲಾಡುತ್ತೆ. ಒಳಗೆ ಯಾರೂ ಕೂತಿರಬಾರ್ದು, ಮಕ್ಕಳು ಹತ್ತಿರಾನೂ ಇರಬಾರ್ದು. ಎತ್ತಿ, ಸ್ಟ್ಯಾಂಡ್ ಇಟ್ಟು, ಜಾಕ್ ನಿಧಾನಕ್ಕೆ ಇಳಿಸಿ ಭಾರ ಪೂರ್ತಿ ಸ್ಟ್ಯಾಂಡ್ ಮೇಲೆ ಕೂತ ಮೇಲೆ ಕಾರನ್ನ ಕೈಯಿಂದ ಒಂದ್ಸಲ ತಳ್ಳಿ ನೋಡಿ, ಬೀಳೋ ಹಾಗಿದ್ರೆ ನೀವು ಅಡಿಗೆ ಹೋಗೋ ಮುಂಚೇನೇ ಬೀಳಲಿ. ಬಿಚ್ಚಿದ ಚಕ್ರವನ್ನೂ ಬಾಗಿಲ ಕೆಳಗಿನ ಅಂಚಿನ ಅಡಿಗೆ ಮಲಗಿಸಿ ತಳ್ಳಿಡಿ, ಅದೂ ಒಂದು ಆಸರೆ. ಸ್ಟ್ಯಾಂಡ್ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬೋ ಹಾಗೂ ಇಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತಾನು ಮಾರಿದ್ದ 3 ಟನ್ ಮತ್ತೆ 6 ಟನ್ನಿನ ಜಾಕ್ ಸ್ಟ್ಯಾಂಡ್‌ಗಳನ್ನ ವಾಪಸ್ ಕರೆಸ್ಕೊಳ್ತು, ಸ್ಟ್ಯಾಂಡನ್ನ ಬೇಕಾದ ಎತ್ತರದಲ್ಲಿ ಹಿಡಿದಿಡೋ ಹಲ್ಲುಗಳು ಸರಿಯಾಗಿ ಕಚ್ಕೊಳ್ಳದೆ ಭಾರ ಇದ್ದಾಗ್ಲೇ ಜಾರಿ ಕುಸಿಯೋ ಸಾಧ್ಯತೆ ಇತ್ತು ಅಂತ. ಹಾಗಾಗಿ ಹಲ್ಲು ಪೂರ್ತಿ ಕೂತಿದ್ಯಾ ಅಂತ ಪ್ರತಿ ಸಲ ನೋಡಿ, ಅಡ್ಡಕ್ಕೆ ಪಿನ್ ಹಾಕೋ ಸ್ಟ್ಯಾಂಡ್ ಸಿಕ್ರೆ ಅದನ್ನೇ ತಗೊಳ್ಳಿ.

ಕೆಲಸ ಮುಗಿದ ಮೇಲೆ ಜಾಕ್‌ನ ತೋಳು ಪೂರ್ತಿ ಇಳಿಸೇ ಎತ್ತಿಡ್ಬೇಕು, ಇಲ್ಲಾಂದ್ರೆ ಆಚೆ ಬಂದಿರೋ ಪಿಸ್ಟನ್ ತುಕ್ಕು ಹಿಡಿದು ಸೀಲ್ ಹರಿಯುತ್ತೆ. ಆಯಿಲ್ ಕಮ್ಮಿ ಆದ್ರೆ ಜಾಕ್ ಆಯಿಲ್ಲೇ ಹಾಕಿ, ಕೈಗೆ ಸಿಕ್ತು ಅಂತ ಬ್ರೇಕ್ ಆಯಿಲ್ ಹಾಕಿದ್ರೆ ಸೀಲು ಹಾಳಾಗುತ್ತೆ. ಎತ್ತಿ ಬಿಟ್ರೆ ತಾನಾಗೇ ಇಳಿಯೋ ಜಾಕ್‌ನ ರಿಪೇರಿ ಮಾಡಿಸಿ, ಆಗ್ದಿದ್ರೆ ಗುಜರಿಗೆ ಹಾಕಿ, ಸೆಕೆಂಡ್ ಹ್ಯಾಂಡ್ ಅಂತ ಇನ್ನೊಬ್ಬರಿಗೆ ಮಾತ್ರ ದಾಟಿಸ್ಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ