ಶಾಂತಿಯೋ, ಗೈರುಹಾಜರಿಯೋ?

ಸದಸ್ಯರೆಲ್ಲರಿಗೂ ನಮಸ್ಕಾರ.

ಅಪ್ಪ ತೀರಿಕೊಂಡ ವರ್ಷ ನಾನು ಧ್ಯಾನಕ್ಕೆ ಕೂರಲು ಶುರು ಮಾಡಿದೆ. ಕೊನೆಗಾಲದಲ್ಲಿ ಅವರ ಹತ್ತಿರ ಇರಲು ನನಗೆ ಆಗಿರಲಿಲ್ಲ. ದೂರದಲ್ಲಿ ಬದುಕುವ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಸಂಕಟ ಗೊತ್ತು, ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಅರ್ಧ ಗಂಟೆ, ರಾತ್ರಿ ಅರ್ಧ ಗಂಟೆ ಕೂರುತ್ತಿದ್ದೆ. ಕೆಲವೇ ತಿಂಗಳಲ್ಲಿ ಸಿಟ್ಟು ಇಳಿಯಿತು, ಅಳು ನಿಂತಿತು. ಯಾರಾದರೂ ಅಪ್ಪನ ವಿಷಯ ಎತ್ತಿದರೆ "ಹುಟ್ಟಿದವರು ಹೋಗಲೇಬೇಕಲ್ವಾ" ಎಂದು ನಗುತ್ತಲೇ ಹೇಳುತ್ತಿದ್ದೆ. ಎಷ್ಟು ಗಟ್ಟಿ ಮನಸ್ಸು ನಿಮ್ಮದು ಎಂದು ಗೆಳೆಯರು ಹೊಗಳಿದರು. ನನಗೂ ಒಳಗೊಳಗೇ ಹೆಮ್ಮೆ.

ಎರಡು ವರ್ಷವಾದ ಮೇಲೆ ಒಂದು ರಾತ್ರಿ ನನ್ನ ಹೆಂಡತಿ ಹೇಳಿದಳು: "ನೀವು ಶಾಂತವಾಗಿಲ್ಲ. ನೀವು ಮನೆಯಲ್ಲೇ ಇಲ್ಲ, ಅಷ್ಟೇ."

ಮೊದಲು ಕೋಪ ಬಂತು. ಕೋಪ ಬಂದದ್ದಕ್ಕೆ ನಾಚಿಕೆಯೂ ಆಯಿತು, ಧ್ಯಾನ ಮಾಡುವವನು ನೋಡಿ! ಆಮೇಲೆ ಒಂದೊಂದೇ ನೆನಪಾಗತೊಡಗಿತು. ಮಗಳು ಪರೀಕ್ಷೆಯಲ್ಲಿ ಎಡವಿ ಅಳುತ್ತಿದ್ದಾಗ "ಎಲ್ಲ ಸರಿಹೋಗುತ್ತೆ" ಎಂದು ಹೇಳಿ ಎದ್ದುಹೋಗಿದ್ದೆ. ಆಪ್ತ ಗೆಳೆಯ ಕೆಲಸ ಕಳೆದುಕೊಂಡು ಫೋನ್ ಮಾಡಿದಾಗಲೂ ನನ್ನ ದನಿ ಹವಾಮಾನ ವರದಿ ಓದಿದ ಹಾಗಿತ್ತು. ದುಃಖ ತಟ್ಟದಂತೆ ಬಾಗಿಲು ಹಾಕಿಕೊಂಡಿದ್ದೆ. ಅದೇ ಬಾಗಿಲಿನಿಂದ ಬರಬೇಕಾದ ಬೇರೆಯವೂ ಹೊರಗೇ ಉಳಿದಿದ್ದವು.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ ಎಂದು ಆಮೇಲೆ ಗೊತ್ತಾಯಿತು. ಜಾನ್ ವೆಲ್‌ವುಡ್ ಎಂಬ ಅಮೆರಿಕದ ಮನಶ್ಚಿಕಿತ್ಸಕರು 1984ರಲ್ಲಿ ಇದನ್ನು ಆಧ್ಯಾತ್ಮಿಕ ಬೈಪಾಸ್ ಎಂದು ಕರೆದರು. ಊರೊಳಗಿನ ಗಲ್ಲಿಗಳಲ್ಲಿ ಸಿಕ್ಕಿಕೊಳ್ಳಲು ಇಷ್ಟವಿಲ್ಲದವರು ಹೊರವಲಯದ ರಸ್ತೆ ಹಿಡಿಯುತ್ತಾರಲ್ಲ, ಹಾಗೆ. ನೋವು, ಸಿಟ್ಟು, ತಪ್ಪಿತಸ್ಥ ಭಾವ ಇವುಗಳ ಊರಿಗೆ ಕಾಲಿಡದೆಯೇ ಮುಕ್ತಿಯ ಕಡೆಗೆ ಹೊರಟುಬಿಡುವುದು. ಧ್ಯಾನವೆಂದರೆ ಮೂಗು ಮುರಿಯುವವರು ಯಾರೋ ಕಟ್ಟಿದ ಮಾತು ಇದಲ್ಲ. ವೆಲ್‌ವುಡ್ ಸ್ವತಃ ಬೌದ್ಧ ಸಾಧಕರಾಗಿದ್ದರು. ತಮ್ಮ ಸುತ್ತಲಿನ ಸಾಧಕರಲ್ಲೇ ಇದನ್ನು ಕಂಡವರು.

ಹಾಗಾದರೆ ನಿಜವಾದ ಶಾಂತಿಗೂ ಇಂಥ ಗೈರುಹಾಜರಿಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ನನಗಂತೂ ಕಂಡಿದ್ದವು.

ಈ ಪ್ರಶ್ನೆಗೆ ನನಗೆ ತುಂಬ ಇಷ್ಟವಾದ ಉತ್ತರ ಸಿಕ್ಕಿದ್ದು ವಿಲಿಯಂ ಜೇಮ್ಸ್ ಅವರಲ್ಲಿ. ಅಮೆರಿಕದಲ್ಲಿ ಮನಶ್ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಅವರೊಬ್ಬರು. 1901 ಮತ್ತು 1902ರಲ್ಲಿ ಎಡಿನ್‌ಬರೊದಲ್ಲಿ ಜನರ ಧಾರ್ಮಿಕ ಅನುಭವಗಳ ಬಗ್ಗೆ ಇಪ್ಪತ್ತು ಉಪನ್ಯಾಸ ಕೊಟ್ಟರು. ದೇವರಿದ್ದಾನೋ ಇಲ್ಲವೋ ಎಂಬ ಜಗಳಕ್ಕೆ ಅವರು ಹೋಗಲಿಲ್ಲ. ಸಂತರು, ಮತಾಂತರವಾದವರು, ಸಾಮಾನ್ಯರು ಬರೆದಿಟ್ಟ ಅನುಭವಗಳನ್ನು ರಾಶಿ ಹಾಕಿಕೊಂಡು ಓದಿದರು. ದರ್ಶನ ಕಂಡವನಿಗೆ ಅಪಸ್ಮಾರವಿತ್ತು, ಸಂತನಿಗೆ ಹೊಟ್ಟೆ ಸರಿಯಿರಲಿಲ್ಲ ಎಂದು ವಿವರಿಸಿ ಕೈತೊಳೆದುಕೊಳ್ಳುವವರು ಆಗಲೂ ಇದ್ದರು. ಅಂಥವರನ್ನು ಜೇಮ್ಸ್ ಚೆನ್ನಾಗಿಯೇ ಕಿಚಾಯಿಸಿದ್ದಾರೆ. ಭಕ್ತನ ಮಾತು ಅವನ ಪಿತ್ತಕೋಶದಿಂದ ಬಂದದ್ದಾದರೆ ನಾಸ್ತಿಕನ ಮಾತೂ ಅಲ್ಲಿಂದಲೇ ಬಂದಿರಬೇಕಲ್ಲ ಎಂಬ ಧಾಟಿಯಲ್ಲಿ! ಅವರ ವಾದ ಸರಳ. ಬೇರು ನೋಡಬೇಡಿ, ಹಣ್ಣು ನೋಡಿ. ಆ ಅನುಭವದಿಂದ ಮನುಷ್ಯ ಹೇಗಾದ ಎಂಬುದೇ ಅಳತೆ.

ಜೇಮ್ಸ್ ಇದನ್ನು ಹೊರಗೆ ನಿಂತು ಹೇಳಿದವರಲ್ಲ. ಯೌವನದಲ್ಲಿ ಅವರನ್ನು ಭಾರೀ ಖಿನ್ನತೆ ಕಾಡಿತ್ತು. ಆ ಉಪನ್ಯಾಸಗಳಲ್ಲಿ ಒಬ್ಬ ಫ್ರೆಂಚ್ ವ್ಯಕ್ತಿಯದೆಂದು ಒಂದು ಅನುಭವ ಬರುತ್ತದೆ. ಇದ್ದಕ್ಕಿದ್ದಂತೆ ಮುಗಿಬಿದ್ದ ಭಯ, ತಾನೇ ಕುಸಿದುಹೋಗುತ್ತೇನೆಂಬ ದಿಗಿಲು. ಧರ್ಮಗ್ರಂಥದ ಕೆಲವು ಸಾಲುಗಳನ್ನು ಹಿಡಿದುಕೊಳ್ಳದೇ ಇದ್ದಿದ್ದರೆ ಹುಚ್ಚೇ ಹಿಡಿಯುತ್ತಿತ್ತು ಎನ್ನುತ್ತಾನೆ ಆತ. ಆ ಫ್ರೆಂಚ್ ವ್ಯಕ್ತಿ ತಾನೇ ಎಂದು ಜೇಮ್ಸ್ ಆಮೇಲೆ ಒಪ್ಪಿಕೊಂಡರು.

ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ ಅವರ ಕಥೆ ಬೇರೆ. 1927ರಲ್ಲಿ ಫ್ರೆಂಚ್ ಲೇಖಕ ರೊಮೇನ್ ರೊಲಾಂ ಫ್ರಾಯ್ಡ್ ಅವರಿಗೆ ಕಾಗದ ಬರೆದು, ಧರ್ಮದ ಮೂಲ ಇರುವುದು ಕಡಲಿನಂಥ ಒಂದು ಅನುಭವದಲ್ಲಿ, ಎಲ್ಲೆಯೇ ಇಲ್ಲದ ಯಾವುದರ ಜೊತೆಗೋ ಒಂದಾದ ಭಾವದಲ್ಲಿ ಎಂದರು. 1930ರಲ್ಲಿ ಫ್ರಾಯ್ಡ್ ಅದಕ್ಕೆ ಉತ್ತರಿಸಿದರು. ನನ್ನೊಳಗೆ ಅಂಥದ್ದೇನೂ ಕಾಣುತ್ತಿಲ್ಲ ಎಂದು ನೇರವಾಗಿ ಹೇಳಿ, ಅದು ತಾಯಿಯೂ ತಾನೂ ಬೇರೆಯೆಂದು ತಿಳಿಯದ ಕೂಸಿನ ಮನಸ್ಸಿನ ಉಳಿಕೆ ಇರಬಹುದು ಎಂದರು. ನನಗೆ ಆ ವಿವರಣೆಗಿಂತ ಆ ಪ್ರಾಮಾಣಿಕತೆ ಇಷ್ಟ. ಕಾಣದ್ದನ್ನು ಕಂಡೆ ಎನ್ನುವವರೇ ಜಾಸ್ತಿ ಅಲ್ವಾ?

ಆದರೆ ಒಂದು ವಿಷಯದಲ್ಲಿ ಫ್ರಾಯ್ಡ್ ಸರಿಯಾದ ಕಡೆಗೆ ಬೆರಳು ತೋರಿಸಿದ್ದರು. ಧಾರ್ಮಿಕ ವಿಧಿಗಳಿಗೂ ಗೀಳು ರೋಗದ ನಡವಳಿಕೆಗಳಿಗೂ ಹೋಲಿಕೆ ಇದೆ ಎಂದು 1907ರಲ್ಲೇ ಬರೆದಿದ್ದರು. ಎಲ್ಲ ಭಕ್ತಿಯೂ ಗೀಳು ಎಂದರೆ ನಾನು ಒಪ್ಪುವುದಿಲ್ಲ. ಆದರೆ ಭಕ್ತಿಯ ವೇಷ ಹಾಕಿದ ಗೀಳು ಇರುವುದಂತೂ ನಿಜ. ಪ್ರಾರ್ಥನೆಯ ನಡುವೆ ಒಂದು ಕೆಟ್ಟ ಯೋಚನೆ ಸುಳಿಯುತ್ತದೆ. ಅಯ್ಯೋ, ಮೈಲಿಗೆಯಾಯಿತು ಎಂದು ಮೊದಲಿನಿಂದ ಶುರು. ಮತ್ತೆ ಸುಳಿಯುತ್ತದೆ, ಮತ್ತೆ ಶುರು. ಐದು ನಿಮಿಷದ ಪ್ರಾರ್ಥನೆ ಎರಡು ಗಂಟೆಯಾಗುತ್ತದೆ. ಮನೆಯವರು ಎಷ್ಟು ಶ್ರದ್ಧೆ ಎಂದುಕೊಳ್ಳುತ್ತಾರೆ. ಒಳಗೆ ಆ ಜೀವ ನರಳುತ್ತಿರುತ್ತದೆ.

ಇದು ಹೊಸ ಕಾಯಿಲೆಯೇನಲ್ಲ. ಕ್ರೈಸ್ತರ ಜೆಸ್ಯೂಟ್ ಪಂಥ ಕಟ್ಟಿದ ಇಗ್ನೇಷಿಯಸ್ 1522ರ ಸುಮಾರಿಗೆ ಸ್ಪೇನಿನ ಮನ್ರೆಸಾದಲ್ಲಿ ಇದನ್ನೇ ಅನುಭವಿಸಿದರು. ಪಾದ್ರಿಯ ಮುಂದೆ ಹೇಳಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಹೇಳಿಕೊಂಡರೂ ಸಮಾಧಾನವಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿತ್ತು. ಈಗಿನ ಚಿಕಿತ್ಸೆ ಏನು ಮಾಡುತ್ತದೆ ಗೊತ್ತಾ? ಪ್ರಾರ್ಥನೆ ಕೆಟ್ಟಿತು ಅನಿಸಿದರೂ ಮತ್ತೆ ಹೇಳದೆ, ಆ ಚಡಪಡಿಕೆಯ ಜೊತೆಗೇ ಕೂರುವುದನ್ನು ಅಭ್ಯಾಸ ಮಾಡಿಸುತ್ತದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಇಳಿಯುತ್ತದೆ ಎಂಬುದು ಮೈಗೆ ಗೊತ್ತಾಗುವವರೆಗೆ. ಇಲ್ಲಿ ಒಬ್ಬ ಒಳ್ಳೆಯ ಗುರುವೋ ಪಾದ್ರಿಯೋ "ಒಂದು ಸಲ ಹೇಳಿದರೆ ಸಾಕು" ಎಂದರೆ ಚಿಕಿತ್ಸಕರ ಅರ್ಧ ಕೆಲಸ ಹಗುರವಾಗುತ್ತದೆ. "ಇನ್ನೂ ಜಾಸ್ತಿ ಹೇಳು" ಎಂದರೆ ಕೆಲಸ ಕೆಟ್ಟಿತು.

ಧ್ಯಾನ ಆಸ್ಪತ್ರೆಯೊಳಗೆ ಕಾಲಿಟ್ಟ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬುವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಕೆಲವು ವಾರಗಳ ಒಂದು ತರಬೇತಿ ಶುರು ಮಾಡಿದರು. ಬಂದವರಲ್ಲಿ ಬಹಳ ಜನ ಔಷಧಿಗೆ ಬಗ್ಗದ ನೋವಿನವರು. ಬೌದ್ಧ ಧ್ಯಾನ, ಯೋಗ ಎರಡನ್ನೂ ತೆಗೆದುಕೊಂಡು ಧರ್ಮದ ಮಾತು ಬಿಟ್ಟು ಕಲಿಸಿದರು. ಅದರ ಮೇಲೆ ಕಟ್ಟಿದ ಇನ್ನೊಂದು ಚಿಕಿತ್ಸೆ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಬಿದ್ದವರು ಮತ್ತೆ ಬೀಳದಂತೆ ತಡೆಯಲು ನೆರವಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅದು ಯೋಚನೆಯನ್ನು ನಿಲ್ಲಿಸುವುದಿಲ್ಲ. "ನಾನು ಯಾವುದಕ್ಕೂ ಬಾರದವನು" ಎಂಬುದು ಸತ್ಯವಲ್ಲ, ಬಂದುಹೋಗುವ ಒಂದು ಯೋಚನೆ ಎಂದು ನೋಡುವುದನ್ನು ಕಲಿಸುತ್ತದೆ. ಚೇತರಿಸಿಕೊಂಡವರಿಗಾಗಿ ಮಾಡಿದ ಚಿಕಿತ್ಸೆ ಅದು ಎಂಬುದನ್ನು ಮರೆಯಬಾರದು. ಹಾಸಿಗೆಯಿಂದ ಏಳಲೂ ಆಗದವರಿಗೆ "ಸುಮ್ನೆ ಧ್ಯಾನ ಮಾಡು" ಎನ್ನುವುದು ಮುರಿದ ಕಾಲಿನವನಿಗೆ ವಾಕಿಂಗ್ ಹೋಗು ಎಂದ ಹಾಗೆ.

ಧ್ಯಾನದಿಂದ ತೊಂದರೆಯೂ ಆಗಬಹುದು. 2017ರಲ್ಲಿ ಅಮೆರಿಕದ ಸಂಶೋಧಕರು ಬೌದ್ಧ ಧ್ಯಾನ ಮಾಡುವ ಸುಮಾರು 60 ಜನರನ್ನು ವಿವರವಾಗಿ ಮಾತಾಡಿಸಿದಾಗ ಭಯ, ನಿದ್ದೆಗೇಡು, ತಾನು ತಾನೇ ಅಲ್ಲ ಅನಿಸುವುದು ಇಂಥವೆಲ್ಲ ಹೊರಬಂದವು. ಹಳೆಯ ಸಂಪ್ರದಾಯಗಳಿಗೆ ಇದು ಗೊತ್ತಿತ್ತು. ಗುರು ಪಕ್ಕದಲ್ಲಿರಬೇಕು ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ. ಮೊಬೈಲ್ ಆ್ಯಪ್ ಆ ಕೆಲಸ ಮಾಡುವುದಿಲ್ಲ.

ನಂಬಿಕೆಯೂ ಹಾಗೇ, ಒಂದೇ ಮುಖದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆಗೆ ದಾಖಲಾದ 55 ದಾಟಿದ 596 ಜನರನ್ನು ಸುಮಾರು ಎರಡು ವರ್ಷ ಗಮನಿಸಿ 2001ರಲ್ಲಿ ಫಲಿತಾಂಶ ಬರೆದರು. ದೇವರು ನನ್ನ ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ, ಇದು ಸೈತಾನನ ಕೆಲಸ ಎಂದು ಒಳಗೊಳಗೇ ಗುದ್ದಾಡುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಾವು ಸಲೀಸಾಗಿ ಆಡುವ ಮಾತು: "ಏನೋ ಕರ್ಮ, ಅನುಭವಿಸಬೇಕು." ಕೆಲವರಿಗೆ ಆ ಮಾತಿನಿಂದ ಹೊರೆ ಇಳಿಯುತ್ತದೆ. ಇನ್ನು ಕೆಲವರಿಗೆ ಕಾಯಿಲೆಯ ಮೇಲೆ ಅಪರಾಧದ ಹೊರೆಯೂ ಏರುತ್ತದೆ. ಹೇಳುವ ಮುಂಚೆ ಎದುರಿಗಿರುವವರು ಯಾರೆಂದು ನೋಡಬೇಕು.

ಜೇಮ್ಸ್ ಹೇಳಿದ ಹಣ್ಣಿನ ಅಳತೆ ಎಷ್ಟು ದೂರ ಹೋಗುತ್ತದೆ ನೋಡಿ. 2002ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಂಡಿದ್ದ 31 ಮಾನಸಿಕ ರೋಗಿಗಳ ಬಗ್ಗೆ ಬರೆದರು. ಔಷಧಿ ಇಲ್ಲ, ಮಂತ್ರ ಮಾಟ ಅಂತ ವಿಶೇಷವೇನೂ ಇಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು. ಸರಾಸರಿ ಆರು ವಾರದಲ್ಲಿ ರೋಗಲಕ್ಷಣದ ಅಳತೆ ಸುಮಾರು 20 ಶೇಕಡಾ ಇಳಿದಿತ್ತು. ಹೆದರಿಸದ, ಆಸರೆಯಾಗುವ ಜಾಗವೇ ಕಾರಣವಿರಬಹುದು ಎಂದರು ಅವರು. ಅದಕ್ಕೆ ಒಂದು ವರ್ಷ ಮುಂಚೆ, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿಯಲ್ಲಿ ಬೆಂಕಿ ಬಿದ್ದು 28 ಮಾನಸಿಕ ರೋಗಿಗಳು ಸತ್ತಿದ್ದರು. ವಾಸಿಯಾಗಲೆಂದು ಪವಿತ್ರ ಸ್ಥಳಕ್ಕೆ ಕರೆತಂದವರನ್ನು ಒಂದು ಖಾಸಗಿ ಆಶ್ರಯದಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಓಡಲು ಆಗಲಿಲ್ಲ. ಎರಡು ಕಡೆಯೂ ನಂಬಿಕೆ ಇತ್ತು. ಒಂದು ಕಡೆ ಮನುಷ್ಯನನ್ನು ಮನುಷ್ಯನಂತೆ ನೋಡಿಕೊಂಡರು, ಇನ್ನೊಂದು ಕಡೆ ಕಟ್ಟಿಹಾಕಿದರು.

ನನ್ನ ವಿಷಯಕ್ಕೆ ಬರುತ್ತೇನೆ. ಹೆಂಡತಿಯ ಮಾತು ಕೇಳಿ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಹೋದೆ. ಅದಕ್ಕೆ ಮುಂಚೆ ಇನ್ನೊಬ್ಬರ ಹತ್ತಿರ ಹೋಗಿ ಬಂದಿದ್ದೆ. ಧ್ಯಾನದ ಮಾತೆತ್ತಿದ ತಕ್ಷಣ ಅವರು ಗಡಿಯಾರ ನೋಡಿದರು, ನಾನು ಮತ್ತೆ ಹೋಗಲಿಲ್ಲ. ಈಕೆಯೂ ಇದನ್ನೆಲ್ಲ ಬಿಡಿ ಎನ್ನುತ್ತಾರೇನೋ ಎಂದುಕೊಂಡಿದ್ದೆ. ಎನ್ನಲಿಲ್ಲ. ಎಷ್ಟು ಹೊತ್ತು ಕೂರುತ್ತೀರಿ, ಕೂತಾಗ ಏನಾಗುತ್ತದೆ ಎಂದು ಆಸಕ್ತಿಯಿಂದ ಕೇಳಿದರು. ಆಮೇಲೆ ಒಂದು ಪ್ರಶ್ನೆ.

"ಕೂತಾಗ ನಿಮ್ಮ ಅಪ್ಪ ನೆನಪಾದರೆ ಏನು ಮಾಡುತ್ತೀರಿ?"

"ಗಮನವನ್ನು ಉಸಿರಿನ ಕಡೆಗೆ ತರುತ್ತೇನೆ."

"ತಕ್ಷಣ?"

"ತಕ್ಷಣ."

"ಒಂದು ದಿನ ಅವರನ್ನೂ ಸ್ವಲ್ಪ ಹೊತ್ತು ಕೂರಿಸಿಕೊಳ್ಳಿ."

ಮಾರನೆಯ ಬೆಳಿಗ್ಗೆ ಕೂತೆ. ಎಂದಿನಂತೆ ಅಪ್ಪ ಬಂದರು. ಈ ಸಲ ಉಸಿರಿನ ಕಡೆಗೆ ಓಡಲಿಲ್ಲ. ಫೋನಿನಲ್ಲಿ ಅವರು ಕೊನೆಯ ಸಲ "ಯಾವಾಗ ಬರ್ತೀಯ?" ಎಂದು ಕೇಳಿದ್ದು, ರಜೆ ಸಿಗಲಿ ನೋಡೋಣ ಎಂದು ನಾನು ಹೇಳಿದ್ದು, ಎಲ್ಲ ಬಂತು. ಹತ್ತು ನಿಮಿಷವೂ ಆಗಿರಲಿಲ್ಲ, ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತೆ. ಶಬ್ದ ಕೇಳಿ ಹೆಂಡತಿ ಬಾಗಿಲ ಹತ್ತಿರ ಬಂದು ನಿಂತಳು. ಏನಾಯಿತು ಎಂದು ಕೇಳಲಿಲ್ಲ.

"ಬಂದ್ರಾ?" ಎಂದಳು.

— ಸಂಪಾದಕ