ಇನ್ನು ಮುಂದೆ ಹೆಲ್ಮೆಟ್ ನೋಡದೆ ಇಂಟರ್‌ಕಾಮ್ ಕೊಡುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಸವಾರ ಮಿತ್ರರಿಗೆ ನಮಸ್ಕಾರ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಒಂದು ಬದಲಾವಣೆ ಇದೆ. ಇಂಟರ್‌ಕಾಮ್ (ಹೆಲ್ಮೆಟ್ಟಿಗೆ ಸ್ಪೀಕರ್, ಮೈಕ್ ಕೂರಿಸಿ ಸವಾರರು ಒಬ್ಬರಿಗೊಬ್ಬರು ಮಾತಾಡುವ ಸೆಟ್) ಬೇಕಾದವರು ತಮ್ಮ ಹೆಲ್ಮೆಟ್ ತರಬೇಕು. ಡಬ್ಬ ಮಾತ್ರ ತೆಗೆದುಕೊಂಡು ಹೋಗುವ ವ್ಯಾಪಾರ ನಿಲ್ಲಿಸುತ್ತಿದ್ದೇವೆ. ಫೋನ್ ಮಾಡಿ "ಒಂದು ಸೆಟ್ ಕೊರಿಯರ್ ಹಾಕಿಬಿಡಿ" ಅಂದರೆ ನಾವು ಮೊದಲು ಕೇಳುವುದು ಹೆಲ್ಮೆಟ್ಟಿನ ಒಳಗಿನ ಫೋಟೋ. ಇಲ್ಲಿ ಕೊಂಡ ಸೆಟ್ಟಿಗೆ ಫಿಟ್ಟಿಂಗ್ ದುಡ್ಡು ಇಲ್ಲ. ಬೇರೆ ಕಡೆ ಕೊಂಡು ತಂದರೂ ಕೂರಿಸಿ ಕೊಡುತ್ತೇವೆ, ಅದಕ್ಕೆ 400 ರೂಪಾಯಿ.

ಇದರಿಂದ ಕೆಲವರಿಗೆ ಕಿರಿಕಿರಿ ಆಗುತ್ತದೆ ಅಂತ ಗೊತ್ತು. ಜೆ.ಸಿ. ರಸ್ತೆಗೆ ಬರುವುದು, ಗಾಡಿ ನಿಲ್ಲಿಸಲು ಜಾಗ ಹುಡುಕುವುದು, ಇದೆಲ್ಲ ಯಾರಿಗೆ ಬೇಕು ಹೇಳಿ. ಆದ್ದರಿಂದ ಕಾರಣ ವಿವರವಾಗಿಯೇ ಹೇಳುತ್ತೇವೆ.

"ಸೌಂಡ್ ಸಾಲದು" ಅಂತ ವಾಪಸ್ ಬರುವ ಸೆಟ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ. ಟೇಬಲ್ ಮೇಲಿಟ್ಟು ಹಾಡು ಹಾಕಿದರೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ತಪ್ಪಿರುವುದು ಸ್ಪೀಕರ್ ಕೂತ ಜಾಗ. ಈ ಸ್ಪೀಕರ್‌ಗಳು ಸಾಮಾನ್ಯವಾಗಿ 40 ಮಿ.ಮೀ. ಅಗಲದ ಚಪ್ಪಟೆ ಬಿಲ್ಲೆಗಳು. ಅದರ ನಡುಭಾಗ ಕಿವಿಯ ತೂತಿಗೆ ನೇರವಾಗಿ ಬರಬೇಕು. ಒಂದು ಸೆಂಟಿಮೀಟರ್ ಹಿಂದಕ್ಕೋ ಕೆಳಕ್ಕೋ ಹೋದರೆ ಬೇಸ್ ಮಾಯ. ಸಿಗ್ನಲ್‌ನಲ್ಲಿ ನಿಂತಾಗ ಚೆನ್ನಾಗಿಯೇ ಕೇಳುತ್ತದೆ, ಎಂಬತ್ತು ದಾಟಿದ ಕೂಡಲೇ ಗಾಳಿ ಅದನ್ನು ನುಂಗಿಬಿಡುತ್ತದೆ. ಆಗ ಸವಾರ ವಾಲ್ಯೂಮ್ ಪೂರ್ತಿ ಏರಿಸುತ್ತಾನೆ, ಸ್ಪೀಕರ್ ಕರ್ಕಶವಾಗುತ್ತದೆ, ಬೈಗುಳ ಕಂಪನಿಗೆ.

ಕಿವಿಯ ಜಾಗ ಎಲ್ಲರಿಗೂ ಒಂದೇ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಕನ್ನಡಿ ನೋಡಿದರೂ ಗೊತ್ತಾಗುವುದಿಲ್ಲ, ಅದು ಒಳಗಡೆ ಇರುತ್ತದೆ. ನಾವು ಮಾಡುವುದು ಇಷ್ಟೇ: ಚೀಕ್ ಪ್ಯಾಡ್ (ಕೆನ್ನೆಯ ಬಳಿಯ ಮೆತ್ತೆ) ಬಿಚ್ಚಿ, ಸ್ಪೀಕರ್ ಅನ್ನು ವೆಲ್ಕ್ರೋದಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ಹಾಡು ಹಾಕಿ ನಿಮಗೆ ಹೆಲ್ಮೆಟ್ ತೊಡಿಸುತ್ತೇವೆ. ನೀವು ಎರಡೂ ಕೈಯಿಂದ ಹೆಲ್ಮೆಟ್ಟನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ ನೋಡುತ್ತೀರಿ. ಯಾವ ಕಡೆ ಸರಿಸಿದಾಗ ಸೌಂಡ್ ತುಂಬಿಕೊಳ್ಳುತ್ತದೋ ಸ್ಪೀಕರ್ ಹೋಗಬೇಕಾದ್ದು ಅದೇ ಕಡೆಗೆ. ಎರಡು ಮೂರು ಸಲ ತೆಗೆದು ಹಾಕಿದರೆ ಜಾಗ ಸಿಗುತ್ತದೆ. ಕಿವಿಗೂ ಸ್ಪೀಕರ್‌ಗೂ ನಡುವೆ ಜಾಸ್ತಿ ಸಂದು ಇದ್ದರೆ ಹಿಂದೆ ಒಂದು ಫೋಮ್ ಬಿಲ್ಲೆ ಇಟ್ಟು ಹತ್ತಿರ ತರುತ್ತೇವೆ. ಆದರೆ ಕಿವಿಗೆ ಒತ್ತಬಾರದು. ಅಂಗಡಿಯಲ್ಲಿ ಐದು ನಿಮಿಷ ಒತ್ತಿದರೆ ಏನೂ ಅನ್ನಿಸುವುದಿಲ್ಲ, ಹಾಸನ ತಲುಪುವ ಹೊತ್ತಿಗೆ ಕಿವಿ ಕೆಂಪಾಗಿರುತ್ತದೆ. ಈ ಕೆಲಸ ಫೋನಿನಲ್ಲಿ ಆಗುವುದಿಲ್ಲ ಅಲ್ವಾ?

ಇನ್ನು ಥರ್ಮಾಕೋಲ್ ವಿಷಯ. ಕೆಲವು ಹೆಲ್ಮೆಟ್‌ಗಳಲ್ಲಿ ಕಿವಿಯ ಬಳಿ ಸ್ಪೀಕರ್‌ಗೆಂದೇ ಗುಂಡಗಿನ ಗುಳಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಇಲ್ಲದವರು "ಸ್ವಲ್ಪ ಕೆತ್ತಿ ಕೂರಿಸಿ" ಅನ್ನುತ್ತಾರೆ. ದಯವಿಟ್ಟು ಕೇಳಬೇಡಿ, ನಾವು ಕೆತ್ತುವುದಿಲ್ಲ. ಬಿದ್ದಾಗ ತಲೆಗೆ ಬರುವ ಹೊಡೆತವನ್ನು ತಾನು ಜಜ್ಜಿಹೋಗಿ ಕಡಿಮೆ ಮಾಡುವುದೇ ಆ ಬಿಳಿ ಪದರ. ಹೊರಗಿನ ಗಟ್ಟಿ ಚಿಪ್ಪು ಹೊಡೆತವನ್ನು ಹರಡುತ್ತದೆ, ಹೀರುವುದು ಥರ್ಮಾಕೋಲ್. ಅದರಲ್ಲಿ ಗುಳಿ ತೋಡಿದರೆ ಐ.ಎಸ್. 4151 ಎಂಬ ಭಾರತೀಯ ಹೆಲ್ಮೆಟ್ ಮಾನದಂಡದ ಪ್ರಕಾರ ಪರೀಕ್ಷೆ ಆದ ಹೆಲ್ಮೆಟ್ ಅದಲ್ಲ, ಬೇರೆಯದೇ ಒಂದು ವಸ್ತು. ಗುಳಿ ಇಲ್ಲದ ಹೆಲ್ಮೆಟ್ಟಿಗೆ ತೆಳ್ಳಗಿನ, ಚಿಕ್ಕ ಸ್ಪೀಕರ್ ಇರುವ ಸೆಟ್ ಇದೆಯೇ ನೋಡುತ್ತೇವೆ. ಅದೂ ಕೂರದಿದ್ದರೆ ಈ ಹೆಲ್ಮೆಟ್ಟಿಗೆ ಬೇಡ ಅಂತ ಹೇಳಿಬಿಡುತ್ತೇವೆ. ವ್ಯಾಪಾರ ತಪ್ಪಿದರೆ ತಪ್ಪಲಿ.

ಐ.ಎಸ್.ಐ. ಗುರುತು ಇಲ್ಲದ ಹೆಲ್ಮೆಟ್ಟಿಗೂ ಕೂರಿಸುವುದಿಲ್ಲ. 2021ರ ಜೂನ್ 1ರಿಂದ ದೇಶದಲ್ಲಿ ಆ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಫುಟ್‌ಪಾತ್‌ನಲ್ಲಿ ಕೊಂಡ ಟೊಪ್ಪಿಗೆಗೆ 15,000 ರೂಪಾಯಿಯ ಇಂಟರ್‌ಕಾಮ್ ಹಾಕಿ ಎಂದು ಕೇಳುವವರು ನಿಜಕ್ಕೂ ಬರುತ್ತಾರೆ. ಆ ದುಡ್ಡಲ್ಲಿ ಮೊದಲು ಒಳ್ಳೆ ಹೆಲ್ಮೆಟ್ ತಗೊಳ್ಳಿ, ಹಾಡು ಆಮೇಲೆ ಕೇಳಬಹುದು.

ಬಟನ್, ಬ್ಯಾಟರಿ ಇರುವ ಯಂತ್ರವನ್ನು ಹೆಲ್ಮೆಟ್ಟಿನ ಹೊರಗೆ ಹಿಡಿಸುವುದಕ್ಕೆ ಎರಡು ದಾರಿ: ಕ್ಲ್ಯಾಂಪ್ ಅಥವಾ ಅಂಟು. ಕ್ಲ್ಯಾಂಪ್ ಹೋಗಬೇಕಾದರೆ ಚಿಪ್ಪಿಗೂ ಥರ್ಮಾಕೋಲಿಗೂ ನಡುವೆ ತೆಳ್ಳಗೆ ಸಂದು ಬೇಕು. ಕೆಲವು ಹೆಲ್ಮೆಟ್‌ಗಳಲ್ಲಿ ಅದು ಇರುವುದಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಂಚು ಬಿರಿಯುತ್ತದೆ, ಅಂಥದ್ದಕ್ಕೆ ಅಂಟೇ ಸರಿ. ಅಂಟಿಸುವ ಮೊದಲು ಚಿಪ್ಪಿನ ಮೇಲಿನ ಪಾಲಿಶ್, ಎಣ್ಣೆ ಜಿಡ್ಡು ಎಲ್ಲ ಸ್ಪಿರಿಟ್‌ನಲ್ಲಿ ಒರೆಸಬೇಕು, ಅಂಟಿಸಿದ ಮೇಲೆ ಒಂದು ದಿನ ಹಾಗೇ ಬಿಡಬೇಕು. ಅಂಟಿಸಿದ ಹೆಲ್ಮೆಟ್ಟನ್ನು ನಾವು ಮರುದಿನವೇ ಕೊಡುವುದು. ಹಾಗಾಗಿ ಅಂಟಿನ ಕೆಲಸ ಇರಬಹುದು ಅನ್ನಿಸಿದರೆ ಇನ್ನೊಂದು ಹೆಲ್ಮೆಟ್ ಜೊತೆಯಲ್ಲಿ ತನ್ನಿ. ಬರಿತಲೆಯಲ್ಲಿ ಮನೆಗೆ ಹೋಗುವಂತಿಲ್ಲ.

ಯಂತ್ರ ಎಡಗಡೆಗೇ ಇರಲಿ. ಬಲಗೈ ಆಕ್ಸಿಲರೇಟರ್ ಮೇಲಿರುತ್ತದೆ, ಬಟನ್ ಒತ್ತಲು ಬಿಡುವಿರುವುದು ಎಡಗೈಗೆ.

ಹೆಲ್ಮೆಟ್ ಆದ ಮೇಲೆ ನಾವು ಕೇಳುವ ಇನ್ನೊಂದು ಪ್ರಶ್ನೆ: ಮಾತಾಡಬೇಕಾದ್ದು ಯಾರ ಜೊತೆ? ಇದನ್ನು ಕೇಳದೆ ಸೆಟ್ ಮಾರಿದರೆ ಅರ್ಧ ಜನಕ್ಕೆ ಬೇಡದ್ದನ್ನು ಮಾರಿದಂತೆ.

ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಹೋಗುವುದಾದರೆ ಸಾದಾ ಬ್ಲೂಟೂತ್ ಜೋಡಿ ಸಾಕು. ಇಬ್ಬರ ನಡುವೆ ಇರುವುದು ಅರ್ಧ ಮೀಟರ್. ಅದಕ್ಕೆ 1.6 ಕಿ.ಮೀ. ದೂರಕ್ಕೆ ಕೇಳುವ, 30,000 ರೂಪಾಯಿ ದಾಟಿದ ಸೆಟ್ ಯಾಕೆ? ಉಳಿದ ದುಡ್ಡಿನಲ್ಲಿ ಹಿಂದೆ ಕೂರುವವರಿಗೆ ಒಳ್ಳೆ ಹೆಲ್ಮೆಟ್ ಕೊಡಿಸಿ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದರೂ ಇಂದಿಗೂ ಹಿಂದಿನವರ ಪಾಲಿಗೆ ಮನೆಯ ಹಳೇ ಹೆಲ್ಮೆಟ್ಟೇ ಬರುವುದು.

ಗೆಳೆಯರ ಗುಂಪಿನಲ್ಲಿ ಹೋಗುವವರ ಕಥೆ ಬೇರೆ. ಮೂರು ನಾಲ್ಕು ಜನ ಹಳೇ ಬಗೆಯ ಬ್ಲೂಟೂತ್ ಇಂಟರ್‌ಕಾಮ್‌ನಲ್ಲಿ ಸೇರಿದರೆ ಅದು ಒಬ್ಬರಿಂದ ಒಬ್ಬರಿಗೆ ಕೊಂಡಿ ಹಾಕಿದ ಸರಪಳಿ. ನಡುವಿನವರು ಪೆಟ್ರೋಲ್ ಬಂಕಿಗೆ ತಿರುಗಿದರೆ ಆಚೆಯವರ ಮಾತು ಈಚೆಯವರಿಗೆ ಬರುವುದಿಲ್ಲ. ಅವರು ಮರಳಿ ಬಂದ ಮೇಲೂ ಬಟನ್ ಒತ್ತಿ ಜೋಡಿಸುವ ಕೆಲಸ ಉಂಟು. ಮೆಶ್ ಇರುವ ಸೆಟ್‌ಗಳಲ್ಲಿ ಪ್ರತಿಯೊಂದು ಯಂತ್ರವೂ ಮಾತನ್ನು ಮುಂದಕ್ಕೆ ದಾಟಿಸುತ್ತದೆ. ಯಾರಾದರೂ ಹಿಂದುಳಿದರೆ ಉಳಿದವರ ಮಾತು ನಡೆಯುತ್ತಲೇ ಇರುತ್ತದೆ, ಅವರು ಹತ್ತಿರ ಬಂದಾಗ ತಾವಾಗಿಯೇ ಸೇರಿಕೊಳ್ಳುತ್ತಾರೆ. ಐದು ಜನಕ್ಕಿಂತ ಜಾಸ್ತಿ ಇದ್ದರೆ ನಾವು ಮೆಶ್ ಅನ್ನೇ ಹೇಳುತ್ತೇವೆ.

ಆದರೆ ಒಂದು ತೊಡಕು ಇದೆ, ದಯವಿಟ್ಟು ಇದನ್ನು ಗುಂಪಿನಲ್ಲಿ ಎಲ್ಲರಿಗೂ ಓದಿ ಹೇಳಿ. ನಮ್ಮಲ್ಲಿರುವ ಮೆಶ್ ಸೆಟ್‌ಗಳು ಕಾರ್ಡೋ, ಸೇನಾ ಮತ್ತು ನಮ್ಮ ಬೆಂಗಳೂರಿನದೇ ಆದ ಬ್ಲೂಆರ್ಮರ್ ಕಂಪನಿಯವು. (ಇಂಟರ್‌ಕಾಮ್‌ಗೆ ಮುಂಚೆ ಹೆಲ್ಮೆಟ್ಟಿಗೆ ಕೂಲರ್ ಮಾಡಿದವರು ಇವರು. ಬೇಸಿಗೆಯಲ್ಲಿ ಅದನ್ನು ಹಾಕಿಕೊಂಡು ಓಡಾಡಿದವರಿಗೆ ನೆನಪಿರಬಹುದು.) ಕಾರ್ಡೋದವರು ತಮ್ಮ ಮೆಶ್‌ಗೆ ಡಿ.ಎಂ.ಸಿ. ಅನ್ನುತ್ತಾರೆ, ಬ್ಲೂಆರ್ಮರ್‌ನವರು ರೈಡ್‌ಗ್ರಿಡ್ ಅನ್ನುತ್ತಾರೆ. ನಾವು ಮಾರುವ ಸೆಟ್‌ಗಳಲ್ಲಿ ಒಂದು ಕಂಪನಿಯ ಮೆಶ್ ಇನ್ನೊಂದು ಕಂಪನಿಯ ಮೆಶ್ ಜೊತೆ ಸೇರುವುದಿಲ್ಲ. ಬೇರೆ ಕಂಪನಿಯ ಯಂತ್ರವನ್ನು ಫೋನಿನ ಹಾಗೆ ನಂಬಿಸಿ ಬ್ಲೂಟೂತ್‌ನಲ್ಲಿ ಜೋಡಿಸಬಹುದು, ನಿಜ. ಆದರೆ ಆಗ ಜಿ.ಪಿ.ಎಸ್.ಗೋ ಎರಡನೇ ಫೋನಿಗೋ ಇರುವ ಜಾಗ ಅದಕ್ಕೆ ಹೋಗುತ್ತದೆ, ದೂರ ಮತ್ತು ಸೌಂಡ್ ಎರಡೂ ಕಡಿಮೆ. ಆದ್ದರಿಂದ ನಿಮ್ಮ ಗುಂಪಿನಲ್ಲಿ ಹೆಚ್ಚು ಜನರ ಹತ್ತಿರ ಯಾವುದಿದೆಯೋ ಅದನ್ನೇ ತಗೊಳ್ಳಿ. ಯಾವುದು ಅತ್ಯುತ್ತಮ ಎಂಬ ವಾದ ಯೂಟ್ಯೂಬ್‌ನವರಿಗೆ ಬಿಡಿ. ನಿಮ್ಮ ಗೆಳೆಯರ ಸೆಟ್ ಯಾವುದೋ ಅದೇ ನಿಮಗೆ ಉತ್ತಮ.

ಡಬ್ಬದ ಮೇಲಿನ ದೂರದ ಲೆಕ್ಕ ಬಯಲಿನದು. ಇಬ್ಬರ ನಡುವೆ ಅಡ್ಡ ಏನೂ ಇರಬಾರದು. ಕೋಲಾರದ ಕಡೆಯ ನೇರ ಹೆದ್ದಾರಿಯಲ್ಲಿ ಅದಕ್ಕೆ ಹತ್ತಿರ ಹೋಗಬಹುದು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲೋ ಚಾರ್ಮಾಡಿಯಲ್ಲೋ ನಡುವೆ ಇಡೀ ಗುಡ್ಡವೇ ಇರುತ್ತದೆ. ಒಂದು ತಿರುವು ದಾಟಿದರೆ ಮಾತು ಕಡಿಯುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಬರುತ್ತದೆ. ಅದು ಯಂತ್ರದ ದೋಷವಲ್ಲ, ಅದಕ್ಕಾಗಿ ವಾರಂಟಿ ಕೇಳಬೇಡಿ. ಘಾಟಿಯಲ್ಲಿ ಎಲ್ಲರೂ ಸುಮ್ನೆ ಗಾಡಿ ಓಡಿಸಿದರೆ ನಮಗಂತೂ ಸಂತೋಷವೇ.

ಡೆಲಿವರಿ ಕೆಲಸದ ತಮ್ಮಂದಿರಿಗೆ ಒಂದು ಮಾತು. ನಿಮಗೆ ಬೇಕಾಗಿರುವುದು ದಾರಿ ಹೇಳುವ ದನಿ, ಗ್ರಾಹಕರ ಕರೆ ಮತ್ತು ದಿನವಿಡೀ ಬಾಳುವ ಬ್ಯಾಟರಿ. ಇಂಟರ್‌ಕಾಮ್ ಬೇಕಿಲ್ಲ. ಅದಿಲ್ಲದ, ಕಡಿಮೆ ಬೆಲೆಯ ಹೆಡ್‌ಸೆಟ್‌ಗಳನ್ನು ಪ್ರತ್ಯೇಕ ಇಟ್ಟಿದ್ದೇವೆ, ಬಂದಾಗ ಅದನ್ನೇ ಕೇಳಿ. ಕಿವಿಯೊಳಗೆ ತುರುಕುವ ಇಯರ್‌ಬಡ್ ಮೇಲೆ ಹೆಲ್ಮೆಟ್ ಹಾಕಿಕೊಳ್ಳಬೇಡಿ. ಹೆಲ್ಮೆಟ್ ತೆಗೆಯುವಾಗ ಅದು ಉದುರುತ್ತದೆ, ಅದಕ್ಕಿಂತ ಹೆಚ್ಚಾಗಿ ಹಿಂದಿನ ಬಸ್ಸಿನ ಹಾರ್ನ್ ಕೇಳುವುದಿಲ್ಲ. ನಿಮ್ಮದು ಓಪನ್ ಫೇಸ್ ಆದರೆ ಕಡ್ಡಿ ಮೈಕ್ ಬೇಕು, ಫುಲ್ ಫೇಸ್‌ಗೆ ಗಲ್ಲದ ಬಳಿ ಅಂಟಿಸುವ ಬಟನ್ ಮೈಕ್. ಎರಡಕ್ಕೂ ಮೇಲಿನ ಸ್ಪಂಜ್ ಇರಲೇಬೇಕು, ಇಲ್ಲದಿದ್ದರೆ ಆ ಕಡೆಯವರಿಗೆ ಬರೀ ಗಾಳಿ. ಮೈಕ್ ಮೇಲೆ ಚಿಕ್ಕ ಗುರುತು ಇದ್ದರೆ ಆ ಬದಿ ತುಟಿಗೆ ಎದುರಾಗಿರಲಿ.

ಹೆಸರಿಲ್ಲದ ಅಗ್ಗದ ಸೆಟ್‌ಗಳನ್ನು ತರಿಸುವುದನ್ನೂ ನಿಲ್ಲಿಸಿದ್ದೇವೆ. ರೇಡಿಯೋ ಅಲೆ ಬಳಸುವ ಇಂಥ ಯಂತ್ರಗಳಿಗೆ ಕೇಂದ್ರ ಸರ್ಕಾರದ ಡಬ್ಲ್ಯು.ಪಿ.ಸಿ. ವಿಭಾಗದ ಇ.ಟಿ.ಎ. ಒಪ್ಪಿಗೆ ಬೇಕು. ಅದರ ಕಾಗದ ತೋರಿಸಲಾಗದ ಸರಬರಾಜುದಾರರ ಮಾಲು ನಮಗೆ ಬೇಡ. ಜೊತೆಗೆ ಅವುಗಳ ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಒಂದು ಮೈಕ್ ಹೋದರೆ ಇಡೀ ಸೆಟ್ ಕಸ.

ಕಾನೂನಿನ ಬಗ್ಗೆ ತುಂಬ ಜನ ಕೇಳುತ್ತಾರೆ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿ ಕೈಯಲ್ಲಿ ಹಿಡಿದು ಬಳಸುವ ಫೋನನ್ನು ಹೇಳುತ್ತದೆ. ಹೆಲ್ಮೆಟ್ಟಿಗೆ ಹಾಕಿದ ಸೆಟ್ ಕೈಯಲ್ಲಿರುವುದಿಲ್ಲ, ಸರಿ. ಆದರೆ ಗಮನ ತಪ್ಪಿದ ಚಾಲನೆಗೆ ಪೊಲೀಸರು ನಿಲ್ಲಿಸಬಹುದು, "ಅಂಗಡಿಯವರು ಹೇಳಿದ್ರು" ಅನ್ನುವುದು ಅಲ್ಲಿ ನಡೆಯುವುದಿಲ್ಲ. ಊರೊಳಗೆ ಗಾಡಿ ಓಡಿಸುತ್ತಾ ಉದ್ದ ಮಾತುಕತೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಸೆಟ್ ಮಾರುವವರೇ ಹೀಗೆ ಹೇಳುತ್ತಾರಲ್ಲ ಅನ್ನಬಹುದು. ಹೌದು, ಹೇಳುತ್ತೇವೆ. ಬಾಸ್ ಬೈಯುವುದನ್ನು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕೇಳಿಸಿಕೊಳ್ಳಬೇಕಾಗಿಲ್ಲ.

ದೂರ ಹೋಗುವವರು ಕಿವಿಗೆ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಹಾಕಿ ನೋಡಿ. ಕೇಳಿದವರಿಗೆಲ್ಲ ಮೊದಲು ನಗು ಬರುತ್ತದೆ. ಆದರೆ ನೂರರ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿ ಸದ್ದು ಸುಲಭವಾಗಿ 90 ಡೆಸಿಬೆಲ್ ದಾಟುತ್ತದೆ. ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಲು 85 ಮಿತಿ ಎನ್ನುತ್ತಾರೆ, ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಪ್ಲಗ್ ಗಾಳಿಯ ಸದ್ದನ್ನು ತಗ್ಗಿಸಿದಾಗ ಸ್ಪೀಕರ್‌ನ ಮಾತು ಸ್ಪಷ್ಟವಾಗುತ್ತದೆ. ಪ್ರತಿ ಫಿಟ್ಟಿಂಗ್ ಜೊತೆ ಒಂದು ಜೊತೆ ಸುಮ್ನೆ ಕೊಡುತ್ತೇವೆ.

ಮಳೆಗಾಲದಲ್ಲಿ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿ. ನೆನೆದ ಸೆಟ್ಟನ್ನು ಚಾರ್ಜಿಗೆ ಹಾಕಬೇಡಿ. ಫಾಸ್ಟ್ ಚಾರ್ಜರ್ ಬಳಸುವ ಮೊದಲು ಪುಸ್ತಕ ನೋಡಿ, ಎಲ್ಲ ಸೆಟ್ಟಿಗೂ ಅದು ಆಗುವುದಿಲ್ಲ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್ ಮಾಡಿ ಎತ್ತಿಡಿ. ಹೆಲ್ಮೆಟ್ ಒಮ್ಮೆ ಜೋರಾಗಿ ಬಿದ್ದು ಪೆಟ್ಟು ತಿಂದರೆ ಹೆಲ್ಮೆಟ್ ಬದಲಾಯಿಸಿ. ಯಂತ್ರ ಚೆನ್ನಾಗಿದ್ದರೆ ಹೊಸದಕ್ಕೆ ಕ್ಲ್ಯಾಂಪ್ ಮತ್ತು ಸ್ಪೀಕರ್ ಕಿಟ್ ಮಾತ್ರ ಕೊಂಡರೆ ಸಾಕು. ಎರಡು ಹೆಲ್ಮೆಟ್ ಇರುವವರಿಗೂ ಇದೇ ದಾರಿ.

ದೂರದ ಊರಿನವರಿಗೆ: ಕಲಬುರಗಿಯಿಂದಲೋ ಮಂಗಳೂರಿನಿಂದಲೋ ಇದಕ್ಕೆಂದೇ ಬನ್ನಿ ಅನ್ನುವುದಿಲ್ಲ. ಚೀಕ್ ಪ್ಯಾಡ್ ಬಿಚ್ಚಿ ಕಿವಿಯ ಭಾಗದ ಫೋಟೋ, ಎಡ ಅಂಚಿನ ಫೋಟೋ, ಒಳಗಿನ ಐ.ಎಸ್.ಐ. ಸ್ಟಿಕ್ಕರಿನ ಫೋಟೋ ಕಳಿಸಿ. ಗುಳಿಯ ಅಗಲ, ಆಳ ಸ್ಕೇಲಿನಲ್ಲಿ ಅಳೆದು ಬರೆಯಿರಿ. ಕೂರುತ್ತದೆ ಅಂತ ನಮಗೆ ಖಾತ್ರಿಯಾದರೆ ಕೊರಿಯರ್ ಮಾಡುತ್ತೇವೆ. ಸೆಟ್ ಕೈಸೇರಿದ ದಿನ ವಿಡಿಯೋ ಕರೆಯಲ್ಲಿ ಸ್ಪೀಕರ್ ಜಾಗ ಹುಡುಕಿಕೊಡುತ್ತೇವೆ. ಈಗಾಗಲೇ ನಮ್ಮಲ್ಲಿ ಕೊಂಡು ಸೌಂಡ್ ಸರಿಯಿಲ್ಲ ಅನ್ನಿಸುತ್ತಿರುವವರೂ ಹೆಲ್ಮೆಟ್ ತನ್ನಿ, ದುಡ್ಡಿಲ್ಲದೆ ಮತ್ತೆ ಕೂರಿಸಿ ಕೊಡುತ್ತೇವೆ.

ಫಿಟ್ಟಿಂಗ್ ಮಂಗಳವಾರದಿಂದ ಶನಿವಾರದವರೆಗೆ, ಬೆಳಿಗ್ಗೆ 11ರಿಂದ ಸಂಜೆ 6. ಒಂದಕ್ಕೆ ಮುಕ್ಕಾಲು ಗಂಟೆ ಬೇಕು, ಹಿಂದಿನ ದಿನ ಒಂದು ಮೆಸೇಜ್ ಹಾಕಿ ಬಂದರೆ ಕಾಯುವುದು ತಪ್ಪುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ, ಚೀಕ್ ಪ್ಯಾಡ್ ಬಿಚ್ಚುವವರ ಕೋರಿಕೆ ಇದು.

ಇಂತಿ ನಿಮ್ಮ,
ಹೆಲ್ಮೆಟ್ ಮತ್ತು ಇಂಟರ್‌ಕಾಮ್ ಫಿಟ್ಟಿಂಗ್ ವಿಭಾಗ
ಜೆ.ಸಿ. ರಸ್ತೆ, ಬೆಂಗಳೂರು